ಕಾಲುಚೀಲ ಒಣಗಿಸುವವರು

ಹೋದ ವರ್ಷ ಪುನರ್ವಸು ಮಳೆ ಹಿಡಿದ ಮೂರನೆಯ ದಿನ ಅಮ್ಮ ಬಚ್ಚಲಿನ ಕಲ್ಲಿನ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ತೀರ್ಥಹಳ್ಳಿಗೆ ಕರೆದುಕೊಂಡು ಹೋಗಿ ಪ್ಲಾಸ್ಟರ್ ಹಾಕಿಸಿಕೊಂಡು ಬಂದೆ. ಆರು ವಾರ ಆ ಕೈಯಲ್ಲಿ ಒಂದು ಲೋಟವನ್ನೂ ಎತ್ತಬಾರದು ಎಂದು ಡಾಕ್ಟರು ಹೇಳಿದರು. ಹೆಂಡತಿ ಮಗಳ ಓದಿಗೆಂದು ಶಿವಮೊಗ್ಗದಲ್ಲಿ ಮನೆ ಮಾಡಿದ್ದಾಳೆ. ಊರಿನ ಮನೆಯಲ್ಲಿ ಉಳಿದವರು ನಾನು, ಅಮ್ಮ, ಎರಡು ಹಸು, ಒಂದು ನಾಯಿ. ಹೀಗೆ ಐವತ್ತೊಂದನೆಯ ವಯಸ್ಸಿನಲ್ಲಿ, ಮಲೆನಾಡಿನ ಮಳೆಗಾಲದ ನಟ್ಟನಡುವೆ, ಒಂದು ಮನೆಯ ಎರಡು ಒಲೆಗಳು ನನ್ನ ಪಾಲಿಗೆ ಬಂದವು: ಅಡುಗೆಮನೆಯ ಗ್ಯಾಸ್ ಒಲೆ, ಬಚ್ಚಲಿನ ಸೌದೆ ಒಲೆ. ಕಷ್ಟದ್ದು ಯಾವುದು ಎಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ.

ಇದಕ್ಕೂ ದಕ್ಷಿಣ ಧ್ರುವಕ್ಕೂ ಏನು ಸಂಬಂಧ ಎಂಬುದನ್ನು ಹೇಳಲಿಕ್ಕೇ ಕುಳಿತಿದ್ದೇನೆ. 2022ರ ಜನವರಿಯಲ್ಲಿ ಪ್ರೀತ್ ಚಾಂಡಿ ಎಂಬ ಪಂಜಾಬಿ ಮೂಲದ ಬ್ರಿಟಿಷ್ ಸೇನಾಧಿಕಾರಿ ಕಾಲಿಗೆ ಸ್ಕೀ ಕಟ್ಟಿಕೊಂಡು, ಸೊಂಟಕ್ಕೆ ಜಾರುಬಂಡಿ ಬಿಗಿದುಕೊಂಡು, ಒಬ್ಬರೇ 40 ದಿನ ನಡೆದು ದಕ್ಷಿಣ ಧ್ರುವ ಮುಟ್ಟಿದರು. ಆ ಸುದ್ದಿ ಓದಿದಂದಿನಿಂದ ನನಗೆ ಈ ಹುಚ್ಚು. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಮನೆಯ ಹಿಂದಿನ ಗುಡ್ಡ ಹತ್ತಿ, ದೊಡ್ಡ ಹಲಸಿನ ಮರದ ಬುಡದಲ್ಲಿ ನಿಂತರೆ ಸಿಗುತ್ತದೆ. ಅಲ್ಲಿ ನಿಂತು ಧ್ರುವಯಾತ್ರಿಗಳ ದಿನಚರಿಗಳನ್ನು ಇಳಿಸಿಕೊಂಡು ಬಂದು ರಾತ್ರಿ ಹಾಸಿಗೆಯಲ್ಲಿ ಓದುವುದು ನನ್ನ ಅಭ್ಯಾಸ. ಓದುವುದಷ್ಟೇ ಅಲ್ಲ, ಒಂದು ನೋಟ್‌ಪುಸ್ತಕದಲ್ಲಿ ಲೆಕ್ಕ ಬರೆದಿಡುತ್ತಿದ್ದೆ. ಇಂಥ ದಿನ ಇಷ್ಟು ಕಿಲೋಮೀಟರ್, ಉಷ್ಣಾಂಶ ಇಷ್ಟು, ಗಾಳಿ ಇಷ್ಟು, ಉಳಿದ ದೂರ ಇಷ್ಟು. ಕ್ರಿಕೆಟ್ ಸ್ಕೋರು ಬರೆದ ಹಾಗೆ. ಅದೇ ಪ್ರೀತ್ ಚಾಂಡಿ ಮುಂದಿನ ಬೇಸಿಗೆಯಲ್ಲಿ (ಅಲ್ಲಿಯ ಬೇಸಿಗೆ, ನಮ್ಮ ಚಳಿಗಾಲ) ಮತ್ತೆ ಹೋಗಿ 70 ದಿನಗಳಲ್ಲಿ 1,485 ಕಿಲೋಮೀಟರ್ ನಡೆದಾಗ ನನ್ನ ಪುಸ್ತಕದ ಹನ್ನೊಂದು ಪುಟ ತುಂಬಿತ್ತು.

ಆ ಪುಸ್ತಕದಲ್ಲಿ ಒಲೆ ಎಂಬ ಶಬ್ದ ಒಂದು ಕಡೆಯೂ ಇರಲಿಲ್ಲ.

ನಮ್ಮ ಬಚ್ಚಲಿನಲ್ಲಿ ಹಂಡೆಯ ಒಲೆಯ ಮೇಲೆ, ಕೈ ಎತ್ತಿದರೆ ಸಿಗುವ ಎತ್ತರದಲ್ಲಿ, ನಾಲ್ಕು ಬಿದಿರಿನ ಗಳಗಳನ್ನು ಹಗ್ಗದಿಂದ ತೂಗುಹಾಕಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಯ ಬಟ್ಟೆಯೆಲ್ಲ ಒಣಗುವುದು ಅಲ್ಲೇ. ನನಗೆ ಬುದ್ಧಿ ಬಂದಾಗಿನಿಂದ ಆ ಗಳಗಳನ್ನು ನೋಡುತ್ತಿದ್ದೇನೆ, ಅಂದರೆ ನೋಡೇ ಇರಲಿಲ್ಲ. ಮೊದಲ ದಿನ ಒದ್ದೆ ಬಟ್ಟೆಗಳನ್ನು ಬಕೆಟ್‌ನಿಂದ ತೆಗೆದು ಜಾಗ ಕಂಡಲ್ಲಿ ಎಸೆದೆ. ಮರುದಿನ ಬೆಳಗ್ಗೆ ತೆಳ್ಳನೆಯ ಟವೆಲ್ ಹೊಗೆಯಲ್ಲಿ ಹಳದಿಯಾಗಿತ್ತು, ಪ್ಯಾಂಟಿನ ಸೊಂಟ ನೀರು ಸುರಿಸುತ್ತಿತ್ತು, ಕಾಲುಚೀಲಗಳು ಮುಟ್ಟಿದರೆ ಕಪ್ಪೆಯ ಹಾಗೆ. ಅಮ್ಮ ಬಾಗಿಲಲ್ಲಿ ನಿಂತು ಎಡಗೈಯಲ್ಲಿ ತೋರಿಸುತ್ತ ಪಾಠ ಮಾಡಿದಳು. ದಪ್ಪ ಬಟ್ಟೆ ನಡುವಿನ ಗಳಕ್ಕೆ, ಬೆಂಕಿಗೆ ನೇರ. ತೆಳು ಬಟ್ಟೆ ಗೋಡೆಯ ಕಡೆಗೆ, ಅದಕ್ಕೆ ಬಿಸಿಗಾಳಿ ಸಾಕು. ಮಧ್ಯಾಹ್ನ ಒಮ್ಮೆ ಎಲ್ಲವನ್ನೂ ಮಗುಚಬೇಕು. ಕಾಲುಚೀಲವನ್ನು ಒಳಮೈ ಹೊರಗೆ ಮಾಡಿ ಹಾಕಬೇಕು, ಬೆರಳಿನ ತುದಿ ಕೆಳಗೆ ಬರಬಾರದು, ನೀರು ಅಲ್ಲೇ ಇಳಿದು ನಿಲ್ಲುತ್ತದೆ. ರಾತ್ರಿ ಮಲಗುವ ಮೊದಲು ಒಂದು ದಪ್ಪ ಕುಂಟೆಯನ್ನು ಒಲೆಗೆ ದೂಡಿ ಬೂದಿ ಮುಚ್ಚಬೇಕು. ಬೆಳಗಿನವರೆಗೆ ಕಾವು ಇರಬೇಕು, ಉರಿ ಇರಬಾರದು.

ಅವತ್ತು ರಾತ್ರಿ ಮೊಬೈಲ್ ತೆರೆದು ಹಿಂದೆ ಓದಿದ್ದ ದಿನಚರಿಯನ್ನೇ ಮತ್ತೆ ಓದತೊಡಗಿದೆ. ಬೇರೆಯೇ ಬರಹ ಓದಿದಂತಾಯಿತು.

ದಿನವಿಡೀ ನಡೆದವರು ಸಂಜೆ ಟೆಂಟ್ ಹಾಕುವುದನ್ನು ಗಮನಿಸಿ. ಚೀಲದಿಂದ ಟೆಂಟ್ ಹೊರತೆಗೆಯುವ ಮೊದಲೇ ಅದರ ಒಂದು ತುದಿಯನ್ನು ಜಾರುಬಂಡಿಗೆ ಕಟ್ಟುತ್ತಾರೆ. ಗಾಳಿ ಒಮ್ಮೆ ಕೈಯಿಂದ ಕಿತ್ತುಕೊಂಡಿತೆಂದರೆ ಟೆಂಟ್ ಹೋಯಿತು, ಟೆಂಟಿನ ಜೊತೆ ಬಹುಶಃ ಜೀವವೂ. ನಾಲ್ಕೂ ಕಡೆ ಗೂಟ ಬಡಿದು, ಟೆಂಟಿನ ಅಂಚಿನ ಬಟ್ಟೆಯ ಮೇಲೆ ಸಲಿಕೆಯಿಂದ ಹಿಮ ಹೇರುತ್ತಾರೆ. ಒಳಗೆ ಹೋಗುವ ಮುನ್ನ ಒಂದು ಸಣ್ಣ ಕೈಪೊರಕೆಯಿಂದ ಮೈ, ಬೂಟು, ಕೈಗವಸು ಎಲ್ಲವನ್ನೂ ಗುಡಿಸಿಕೊಳ್ಳುತ್ತಾರೆ. ಪೊರಕೆ! ತೂಕ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಕತ್ತರಿಸಿ ಎಸೆಯುವ ಜನ ಪೊರಕೆಯನ್ನು ಮಾತ್ರ ಬಿಟ್ಟುಹೋಗುವುದಿಲ್ಲ. ಬಟ್ಟೆಗೆ ಅಂಟಿದ ಹಿಮ ಹೊರಗೆ ಹಿಮ, ಟೆಂಟಿನ ಒಳಗೆ ಬಂದರೆ ಅದು ನೀರು. ನೀರು ಬಟ್ಟೆಗೆ ಹೋದರೆ ನಾಳೆ ಅದೇ ಮಂಜುಗಡ್ಡೆ. ಜಗುಲಿಯಲ್ಲೇ ಕಂಬಳಿಕೊಪ್ಪೆ ಕೊಡವಿ, ಕಾಲು ತೊಳೆದು, ಇಂಬಳ ಕಿತ್ತು ಎಸೆದು ಒಳಗೆ ಬಾ ಎಂದು ಅಮ್ಮ ನಲವತ್ತು ವರ್ಷ ಕೂಗಿಕೊಂಡದ್ದು ಇದನ್ನೇ.

ಆಮೇಲೆ ಒಲೆ. ಒಂದು ಹಲಗೆಯ ಮೇಲೆ ಕೂರಿಸಿದ, ಪಂಪು ಹೊಡೆದು ಹಚ್ಚುವ ಪುಟ್ಟ ಸ್ಟೌವ್. ನಮ್ಮ ಹಳೆಯ ಸೀಮೆಎಣ್ಣೆ ಪಂಪ್ ಸ್ಟೌವ್ ನೆನಪಿರುವವರಿಗೆ ಅದರ ಸದ್ದೂ ಗೊತ್ತು, ಕೋಪವೂ ಗೊತ್ತು. ಮೊದಲು ಬಿಸಿ ಮಾಡದೆ ಹಚ್ಚಿದರೆ ಭಗ್ಗೆಂದು ಎದ್ದು ಕುಣಿಯುತ್ತದೆ. ನೈಲಾನ್ ಟೆಂಟಿನೊಳಗೆ ಹಾಗೆ ಕುಣಿದರೆ ಮನೆ ಉಳಿಯುವುದಿಲ್ಲ. ಗಾಳಿಕಿಂಡಿ ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಸದ್ದಿಲ್ಲದೆ ಕೊಲ್ಲುತ್ತದೆ. ಚಳಿಗೆ ಗ್ಯಾಸ್ ಲೈಟರ್ ಕೈಕೊಡುವುದರಿಂದ ಬೆಂಕಿಪೊಟ್ಟಣಗಳನ್ನು ಹಲವು ಕಡೆ ಹಂಚಿ ಇಡುತ್ತಾರೆ, ಒಂದು ಕಳೆದರೂ ಇನ್ನೊಂದಿರಲಿ ಎಂದು. ನಮ್ಮ ಮನೆಯಲ್ಲಿ ಬೆಂಕಿಪೊಟ್ಟಣ ಮೂರು ಕಡೆ ಇರುತ್ತದೆ: ಒಲೆಯ ಗೂಡಿನಲ್ಲಿ, ದೇವರ ಕೋಣೆಯ ಡಬ್ಬಿಯಲ್ಲಿ, ಅಕ್ಕಿಯ ಡ್ರಮ್ಮಿನ ಒಳಗೆ. ಅಕ್ಕಿಯೊಳಗಿನದು ಎಂಥ ಮಳೆಗೂ ತೇವ ಹಿಡಿಯುವುದಿಲ್ಲ.

ಹಿಮ ಕರಗಿಸುವುದು ಸುಲಭ ಎಂದು ನಾನು ತಿಳಿದಿದ್ದೆ. ಪಾತ್ರೆಗೆ ಬರೀ ಹಿಮ ತುಂಬಿ ಉರಿಗೆ ಇಟ್ಟರೆ ತಳ ಸೀದು ನೀರಿಗೆ ಸುಟ್ಟ ರುಚಿ ಬರುತ್ತದಂತೆ. ಅದಕ್ಕೇ ಹಿಂದಿನ ಹೊತ್ತಿನ ಸ್ವಲ್ಪ ನೀರನ್ನು ತಳದಲ್ಲಿ ಉಳಿಸಿಕೊಂಡು, ಅದರ ಮೇಲೆ ಹಿಮವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಮೊಸರಿಗೆ ಹೆಪ್ಪು ಉಳಿಸಿದ ಹಾಗೆ! ಒಂದು ಪಾತ್ರೆ ಹಿಮ ಕರಗಿದರೆ ತಳ ಮುಚ್ಚುವಷ್ಟು ನೀರು, ಮತ್ತೆ ಹಾಕು, ಮತ್ತೆ ಕಾಯಿ. ಸಂಜೆಯ ಊಟಕ್ಕೆ, ಕುಡಿಯಲಿಕ್ಕೆ, ನಾಳೆಯ ಥರ್ಮಾಸ್‌ಗಳಿಗೆ ಎಂದು ದಿನಕ್ಕೆ ಎರಡು ಮೂರು ಗಂಟೆ ಇದೇ ಕೆಲಸ. ಒಬ್ಬರಿಗೆ ದಿನಕ್ಕೆ ಸುಮಾರು ಕಾಲು ಲೀಟರ್ ಇಂಧನ. ಆ ಲೆಕ್ಕ ತಪ್ಪಿದರೆ, ಸಿಹಿನೀರಿನ ರಾಶಿಯ ಮೇಲೆಯೇ ನಿಂತು ಬಾಯಾರಿ ಸಾಯಬೇಕು.

ಅಂಟಾರ್ಕ್ಟಿಕಾ ಮರುಭೂಮಿ ಎಂದರೆ ಅಮ್ಮ ನಂಬಲಿಲ್ಲ. ನಮಗೆ ಇಪ್ಪತ್ತು ಕಿಲೋಮೀಟರಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ದಕ್ಷಿಣ ಧ್ರುವದಲ್ಲಿ ವರ್ಷವಿಡೀ ಬೀಳುವ ಹಿಮವನ್ನೆಲ್ಲ ಕರಗಿಸಿದರೆ 100 ಮಿಲಿಮೀಟರ್ ನೀರೂ ಆಗುವುದಿಲ್ಲ. ನಮ್ಮಲ್ಲಿ ಒಂದು ಜೋರು ಮಧ್ಯಾಹ್ನದ ಮಳೆ ಅಷ್ಟು. ಬಿದ್ದದ್ದು ಕರಗುವುದಿಲ್ಲ, ಅಷ್ಟೇ. ಸಾವಿರಾರು ವರ್ಷಗಳದ್ದು ಒಂದರ ಮೇಲೊಂದು ಕೂತು ಎರಡೂವರೆ ಕಿಲೋಮೀಟರಿಗಿಂತ ದಪ್ಪವಾಗಿದೆ. ಗಾಳಿ ಎಷ್ಟು ಒಣ ಎಂದರೆ ಟೆಂಟಿನ ನೆತ್ತಿಗೆ ಕಟ್ಟಿದ ದಾರದಲ್ಲಿ ನೇತುಹಾಕಿದ ಕಾಲುಚೀಲ, ಕೈಗವಸು, ಮುಖದ ಪಟ್ಟಿ ಎಲ್ಲ ಬೆಳಗಾಗುವುದರೊಳಗೆ ಗರಿಗರಿ. ಬೆಳಗು ಎಂದೆ, ಆದರೆ ಅಲ್ಲಿ ನವೆಂಬರಿನಿಂದ ಜನವರಿಯವರೆಗೆ ರಾತ್ರಿಯೇ ಇಲ್ಲ. ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಮುಳುಗದ ಬಿಸಿಲು ಬಿದ್ದು ಟೆಂಟ್ ಒಳಗೆ ಬೆಚ್ಚಗಾಗುತ್ತದೆ. ಇದನ್ನು ಹೇಳಿದಾಗ ಮಾತ್ರ ಅಮ್ಮನ ಮುಖದಲ್ಲಿ ಹೊಟ್ಟೆಕಿಚ್ಚು ಕಂಡಿತು.

“ಇಪ್ಪತ್ತನಾಲ್ಕು ಗಂಟೆ ಬಿಸಿಲೇ? ಹಪ್ಪಳ ಎಷ್ಟು ಬೇಗ ಒಣಗಬಹುದು ಮಾರಾಯ!”

ಮುಂದಿನ ಪ್ರಶ್ನೆ ಸ್ನಾನದ್ದು. ಐವತ್ತು ದಿನವೂ ಇಲ್ಲ, ಹೆಚ್ಚೆಂದರೆ ಹಿಮದಲ್ಲಿ ಮೈ ಉಜ್ಜಿಕೊಳ್ಳುತ್ತಾರೆ, ಎಂದೆ. ಮೂಗು ಮುರಿಯುತ್ತಾಳೆ ಎಂದುಕೊಂಡಿದ್ದೆ. ಸ್ವಲ್ಪ ಯೋಚಿಸಿ, “ಒಳ್ಳೆಯದೇ ಆಯಿತು, ಟವೆಲ್ ಒಣಗಿಸುವ ಕೆಲಸ ಇಲ್ಲ” ಎಂದಳು. ಶೌಚದ ಪ್ರಶ್ನೆಯನ್ನೂ ಕೇಳಿದಳು. ರಾತ್ರಿ ಟೆಂಟಿನಲ್ಲೇ ಒಂದು ಬಾಟಲಿ. ಇನ್ನೊಂದಕ್ಕೆ ಹೊರಗೆ ಹೋಗಿ ಗಾಳಿಗೆ ಬೆನ್ನು ಕೊಟ್ಟು ಒಂದು ನಿಮಿಷದಲ್ಲಿ ಮುಗಿಸಬೇಕು, ಧ್ರುವದ ಹತ್ತಿರದ ಕೊನೆಯ ಹಂತದಲ್ಲಿ ಅದನ್ನೂ ಚೀಲದಲ್ಲಿ ಕಟ್ಟಿಕೊಂಡೇ ಹೋಗಬೇಕು. ಕಸವಂತೂ ಒಂದು ಚಾಕೊಲೇಟ್ ಕಾಗದವನ್ನೂ ಬಿಡುವಂತಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ನಿಂತು ಚಿಪ್ಸ್ ಪೊಟ್ಟಣ ಎಸೆಯುವವರನ್ನು ಒಂದು ವಾರ ಅಲ್ಲಿಗೆ ಕಳುಹಿಸಬೇಕು ಎನಿಸುತ್ತದೆ, ಇರಲಿ.

ನಡಿಗೆಯ ಬಗ್ಗೆ ಹೇಳದೆ ಇರುವ ಹಾಗಿಲ್ಲ. ಹೆಚ್ಚಿನವರು ಹೊರಡುವುದು ಹರ್ಕ್ಯುಲಿಸ್ ಇನ್‌ಲೆಟ್ ಎಂಬಲ್ಲಿಂದ. ಧ್ರುವಕ್ಕೆ ಅಲ್ಲಿಂದ ಸುಮಾರು 1,130 ಕಿಲೋಮೀಟರ್. ಸಮುದ್ರದ ಅಂಚಿನಿಂದ 2,835 ಮೀಟರ್ ಎತ್ತರಕ್ಕೆ, ಕಣ್ಣಿಗೆ ಕಾಣದ ಏರು. ಸ್ಕೀ ಎಂದರೆ ಟಿವಿಯಲ್ಲಿ ಕಾಣುವಂತೆ ಸುಯ್ಯನೆ ಜಾರುವುದಲ್ಲ. ಸ್ಕೀಯ ತಳಕ್ಕೆ ಹಿಂದೆ ಜಾರದಂತೆ ಒರಟು ಪಟ್ಟಿ ಅಂಟಿಸಿಕೊಂಡು, ಒಂದೊಂದೇ ಕಾಲು ಎಳೆದು ಹಾಕುವುದು. ಹಿಂದೆ ಬಂಡಿ. ಪ್ರೀತ್ ಚಾಂಡಿಯವರ ಮೊದಲ ಯಾತ್ರೆಯ ಬಂಡಿ ಸುಮಾರು 90 ಕಿಲೋ, ಎಂದರೆ ಸರಿಯಾಗಿ ಎರಡು ಮೂಟೆ ಯೂರಿಯಾ. ಎರಡನೆಯ ಸಲ 120.

ಬಂಡಿ ಎಳೆಯುವುದನ್ನು ಓದುವಾಗಲೆಲ್ಲ ನನಗೆ ಕಾಣುವುದು ಅಡಿಕೆ ಹಾಳೆ. ತೋಟದಲ್ಲಿ ಬಿದ್ದ ಸೋಗೆಯ ಹಾಳೆಯ ಮೇಲೆ ತಂಗಿಯನ್ನು ಕೂರಿಸಿ, ಸೋಗೆಯ ದಂಟು ಹಿಡಿದು ಅಂಗಳದ ತುಂಬ ಎಳೆಯುತ್ತಿದ್ದೆ. ಒಣ ಅಂಗಳದಲ್ಲಿ ಹಾಳೆ ಕರಕರ ಎಂದು ಹಿಡಿದು ನಿಲ್ಲುತ್ತಿತ್ತು, ಸಗಣಿ ಸಾರಿಸಿದ ಜಾಗದಲ್ಲಿ ನುಣ್ಣಗೆ ಓಡುತ್ತಿತ್ತು. ಧ್ರುವದ ಹಿಮವೂ ಹಾಗೆಯೇ ಎರಡು ಗುಣದ್ದು: ಚಳಿ ಹೆಚ್ಚಾದಂತೆ ಅದು ಜಾರುವುದಿಲ್ಲ, ಮರಳಿನ ಹಾಗೆ ಬಂಡಿಯನ್ನು ಹಿಡಿದುಕೊಳ್ಳುತ್ತದೆ. ಸಾಲದ್ದಕ್ಕೆ ಗಾಳಿ ಕೊರೆದ ಏಣುಗಳು, ಸಸ್ತ್ರುಗಿ ಎಂದು ರಷ್ಯನ್ ಹೆಸರು, ಮೊಣಕಾಲೆತ್ತರದಿಂದ ಆಳೆತ್ತರದವರೆಗೆ. ಉತ್ತ ಗದ್ದೆ ಹಾಗೆಯೇ ಹೆಪ್ಪುಗಟ್ಟಿ ಕಲ್ಲಾದಂತೆ. ಅದರ ಮೇಲೆ ಬಂಡಿ ಹತ್ತುವಾಗ ಹಿಂದಕ್ಕೆ ಎಳೆಯುತ್ತದೆ, ಇಳಿಯುವಾಗ ಬಂದು ಹಿಮ್ಮಡಿಗೆ ಬಡಿಯುತ್ತದೆ. ಎದುರಿನಿಂದ ಗಾಳಿ. ಎತ್ತರದ ಪ್ರಸ್ಥಭೂಮಿಯಲ್ಲಿ ತಣ್ಣಗಾಗಿ ಭಾರವಾದ ಗಾಳಿ ಇಳಿಜಾರು ಹಿಡಿದು ಸಮುದ್ರದತ್ತ ಹರಿಯುತ್ತದೆ. ಧ್ರುವಕ್ಕೆ ಹೋಗುವವರು ಹೊಳೆಗೆ ಎದುರಾಗಿ ಈಜುವ ಮೀನುಗಳು.

ಒಂದು ಗಂಟೆಯಷ್ಟು ನಡೆ, ಐದೋ ಹತ್ತೋ ನಿಮಿಷ ನಿಲ್ಲು. ನಿಂತ ತಕ್ಷಣ ದಪ್ಪ ಕೋಟು ಹಾಕು, ಒಂದು ಹಿಡಿ ಬೀಜ, ಚಾಕೊಲೇಟ್ ತಿನ್ನು, ಬಿಸಿ ನೀರು ಕುಡಿ, ಕೋಟು ಬಿಚ್ಚು, ಮತ್ತೆ ನಡೆ. ದಿನಕ್ಕೆ ಎಂಟೊಂಬತ್ತು ಸಲ. ತಂಡವಾದರೆ ಮುಂದಿನವರು ಎದೆಗೆ ಕಟ್ಟಿಕೊಂಡ ದಿಕ್ಸೂಚಿ ನೋಡುತ್ತ ದಾರಿ ಮಾಡುತ್ತಾರೆ, ಉಳಿದವರು ಅವರ ಬಂಡಿಯ ಗೆರೆ ಹಿಡಿಯುತ್ತಾರೆ. ಬಿಸಿಲಿದ್ದರೆ ನೆರಳೇ ದಿಕ್ಕು. ನಡುಹಗಲಲ್ಲಿ ಸೂರ್ಯ ಉತ್ತರಕ್ಕಿದ್ದು, ನಮ್ಮದೇ ನೆರಳು ನೇರ ಧ್ರುವದ ಕಡೆಗೆ ಬೀಳುತ್ತದೆ. ಮೋಡ ಮುಚ್ಚಿದರೆ ನೆಲ ಬಿಳಿ, ಆಕಾಶ ಬಿಳಿ, ನಡುವೆ ಗೆರೆಯೇ ಇಲ್ಲ. ನಮ್ಮ ಕುಂದಾದ್ರಿಯ ಮಂಜಿನಲ್ಲಿ ಕಾಲ ಬುಡದ ಕಲ್ಲಾದರೂ ಕಾಣುತ್ತದೆ. ಅಲ್ಲಿ ಸ್ಕೀ ಊರಿರುವುದು ತಗ್ಗಿನಲ್ಲೋ ದಿಬ್ಬದಲ್ಲೋ ಎಂಬುದು ಬಿದ್ದ ಮೇಲೆ ತಿಳಿಯುವುದು.

ಇಷ್ಟು ಚಳಿಯಲ್ಲಿ ಅವರು ಎಲ್ಲಕ್ಕಿಂತ ಹೆದರುವುದು ಬೆವರಿಗೆ. ಬೆವರಿದರೆ ಬಟ್ಟೆ ಒದ್ದೆ, ನಿಂತ ಕೂಡಲೇ ಅದು ಮಂಜು. ಆದ್ದರಿಂದ ಮೈ ಬಿಸಿಯಾಗುತ್ತಿದೆ ಎನಿಸಿದೊಡನೆ ನಡಿಗೆ ನಿಧಾನ ಮಾಡುತ್ತಾರೆ, ಜಿಪ್ ಇಳಿಸುತ್ತಾರೆ. ಕಾಲಿನ ಬೆವರು ಬೂಟಿಗೆ ಇಳಿಯದಂತೆ ತೆಳು ಕಾಲುಚೀಲದ ಮೇಲೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ದಪ್ಪ ಕಾಲುಚೀಲ. ನಾನು ಇದನ್ನು ಗಂಬೂಟಿನೊಳಗೆ ಪರೀಕ್ಷಿಸಿ ನೋಡಿದೆ. ಹಾಲಿನ ಪೊಟ್ಟಣದಂಥ ಚೀಲ ಕಟ್ಟಿಕೊಂಡು ತೋಟಕ್ಕೆ ಹೋಗಿ ಅಡಿಕೆಗೆ ಬೋರ್ಡೋ ಔಷಧಿ ಹೊಡೆಯುವವರಿಗೆ ನೀರು ಹೊತ್ತು ಬಂದರೆ ಸಂಜೆ ಪಾದ ಬೇಯಿಸಿದ ಕೆಸುವಿನ ಗೆಡ್ಡೆಯಾಗಿತ್ತು, ಬೂಟಿನ ಒಳಗು ಮಾತ್ರ ಒಣಗಿಯೇ ಇತ್ತು. ಅಂದರೆ ಉಪಾಯ ಸರಿ, ಊರು ತಪ್ಪು.

ಊಟದ ವಿಷಯದಲ್ಲಿ ಎಲ್ಲರೂ ಹೇಳುವ ಅಂಕಿ ಒಂದೇ: ದಿನಕ್ಕೆ 5,000ದಿಂದ 6,000 ಕ್ಯಾಲೊರಿ ತಿಂದರೂ ತೂಕ ಇಳಿಯುತ್ತದೆ. ಬೆಳಗ್ಗೆ ಓಟ್ಸ್ ಗಂಜಿಗೆ ಬೆಣ್ಣೆಯ ಗಟ್ಟಿ, ರಾತ್ರಿ ಬಿಸಿನೀರು ಹುಯ್ದರೆ ಊಟವಾಗುವ ಒಣ ಪೊಟ್ಟಣ, ಅದಕ್ಕೂ ಬೆಣ್ಣೆ. ನನಗೆ ಹಿಡಿಸಿದ್ದು ಕ್ಯಾಲೊರಿಯಲ್ಲ, ಕಟ್ಟುವ ಕ್ರಮ. ಹೊರಡುವ ಮೊದಲೇ ವಾರಗಟ್ಟಲೆ ಕುಳಿತು ಚಾಕೊಲೇಟಿನ ಕಾಗದವನ್ನೆಲ್ಲ ಬಿಚ್ಚಿ, ತುಂಡು ಮಾಡಿ, ದಿನಕ್ಕೊಂದರಂತೆ ಚೀಲ ಕಟ್ಟಿಡುತ್ತಾರೆ. ಚಳಿಯಲ್ಲಿ ಇಡೀ ಚಾಕೊಲೇಟ್ ಕಲ್ಲಾಗುತ್ತದೆ, ಹಲ್ಲು ಮುರಿಯುತ್ತದೆ, ಕಾಗದ ಬಿಚ್ಚಲು ಕೈಗವಸು ಕಳಚಿದರೆ ಬೆರಳು ಮರಗಟ್ಟುತ್ತದೆ. ಏಪ್ರಿಲ್ ಮೇ ಬಿಸಿಲಿನಲ್ಲಿ ಅಮ್ಮ ಹಲಸಿನ ಹಪ್ಪಳ ಒತ್ತಿ, ಸಂಡಿಗೆ ಒಣಗಿಸಿ, ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿ, ಸೌದೆಮನೆ ತುಂಬಿಸಿ, ದರಗು ಗುಡಿಸಿ ರಾಶಿ ಹಾಕಿಸುತ್ತಿದ್ದುದನ್ನು ನಾನು ಹಳ್ಳಿಯ ಸಡಗರ ಎಂದು ಹಿಂದೊಮ್ಮೆ ಬರೆದಿದ್ದೆ. ನಾಚಿಕೆಯಾಗುತ್ತದೆ. ಜುಲೈ ತಿಂಗಳಲ್ಲಿ ಹಪ್ಪಳದ ಡಬ್ಬಿಯ ತಳ ಕಂಡಾಗ ಇನ್ನೂ ಎಷ್ಟು ಮಳೆನಕ್ಷತ್ರ ಬಾಕಿ ಇದೆ ಎಂದು ನಾನೇ ಬೆರಳು ಮಡಿಚಿ ಎಣಿಸಿದೆ. ಪುಷ್ಯ, ಆಶ್ಲೇಷ, ಮಘಾ, ಹುಬ್ಬ.

ಇಲ್ಲಿಗೆ ಬಂದಾಗ ನನಗೆ ಹಳೆಯ ಕಥೆಗಳೂ ಬೇರೆಯಾಗಿ ಕಂಡವು. 1911ರ ಡಿಸೆಂಬರ್ 14ರಂದು ನಾರ್ವೆಯ ಅಮುಂಡ್ಸೆನ್ ಎಲ್ಲರಿಗಿಂತ ಮೊದಲು ಧ್ರುವ ಮುಟ್ಟಿದ, ಒಂದು ತಿಂಗಳ ನಂತರ 1912ರ ಜನವರಿ 17ರಂದು ಬ್ರಿಟನ್ನಿನ ಸ್ಕಾಟ್ ಮುಟ್ಟಿದ, ಹಿಂದಿರುಗುವಾಗ ಸ್ಕಾಟ್ ಮತ್ತು ಸಂಗಡಿಗರು ಸತ್ತರು. ಶಾಲೆಯಲ್ಲಿ ಮೇಷ್ಟ್ರು ಇದನ್ನು ಹೇಳುವಾಗ ಸ್ಕಾಟ್‌ನ ಸಾವಿಗೆ ಕಣ್ಣು ಒದ್ದೆ ಮಾಡಿಕೊಂಡಿದ್ದರು, ನಾವೂ ಮಾಡಿಕೊಂಡಿದ್ದೆವು. ಅಮುಂಡ್ಸೆನ್‌ನ ಅಡುಗೆಯವನ ಹೆಸರನ್ನು ಯಾರೂ ಹೇಳಲಿಲ್ಲ. ಅವನು ಅಡಾಲ್ಫ್ ಲಿಂಡ್‌ಸ್ಟ್ರೋಮ್. ದಪ್ಪ ಮನುಷ್ಯ, ಧ್ರುವಕ್ಕೆ ಹೋದವನಲ್ಲ, ತಂಗುದಾಣದಲ್ಲೇ ಉಳಿದವನು. ಅದಕ್ಕೂ ಮೊದಲು 1903ರಿಂದ 1906ರವರೆಗೆ ಕೆನಡಾದ ಉತ್ತರದ ಹಿಮಸಮುದ್ರದ ವಾಯವ್ಯ ಜಲಮಾರ್ಗವನ್ನು ದಾಟಿದ ಹಡಗಿನಲ್ಲೂ ಅಮುಂಡ್ಸೆನ್‌ಗೆ ಅಡುಗೆ ಮಾಡಿದ್ದವನು. ಅಂಟಾರ್ಕ್ಟಿಕಾದ ಕತ್ತಲ ಚಳಿಗಾಲದಲ್ಲಿ ಎಲ್ಲರಿಗಿಂತ ಮೊದಲೆದ್ದು ಒಲೆ ಹಚ್ಚಿ ಬಿಸಿಬಿಸಿ ಹುರುಳಿಗೋಧಿ ದೋಸೆ ಎರೆದು, ಹಣ್ಣಿನ ಜಾಮ್ ಜೊತೆ ಹಾಕುತ್ತಿದ್ದ. ಸೀಲ್ ಮಾಂಸವನ್ನು ಅತಿಯಾಗಿ ಬೇಯಿಸದೆ ಬಡಿಸುತ್ತಿದ್ದ. ತಾಜಾ ಮಾಂಸದಿಂದ ಸಿ ಜೀವಸತ್ವ ಸಿಕ್ಕಿ, ಆ ತಂಡಕ್ಕೆ ಸ್ಕರ್ವಿ ರೋಗ ತಗಲಲಿಲ್ಲ. ಅಮುಂಡ್ಸೆನ್ ತನ್ನ ಬರಹದಲ್ಲಿ ಈ ಅಡುಗೆಯವನನ್ನು ಬಾಯ್ತುಂಬ ಹೊಗಳಿದ್ದಾನೆ. ಅದೇ ಚಳಿಗಾಲದಲ್ಲಿ ಉಳಿದವರು ಹಿಮದೊಳಗೆ ಕೊರೆದ ಕೋಣೆಗಳಲ್ಲಿ ಕುಳಿತು ಬೂಟುಗಳನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿದರು. ಬ್ಯೋಲಾಂಡ್ ಎಂಬ ಬಡಗಿ ಜಾರುಬಂಡಿಗಳ ಮರವನ್ನು ಹೆರೆದು ಹೆರೆದು ತೂಕ ಇಳಿಸಿದ. ನಡೆಯುವುದಕ್ಕಿಂತ ಹೆಚ್ಚು ತಿಂಗಳು ಅವರು ಹೊಲಿಗೆಯಲ್ಲಿ ಕಳೆದಿದ್ದಾರೆ.

ಸ್ಕಾಟ್‌ನ ಕಡೆ ಒಂದು ವಾಷರ್ ಇದೆ. ದಾರಿಯ ದಾಸ್ತಾನುಗಳಲ್ಲಿ ಇಟ್ಟಿದ್ದ ಸೀಮೆಎಣ್ಣೆ ಡಬ್ಬಿಗಳ ಮುಚ್ಚಳಕ್ಕೆ ಚರ್ಮದ ವಾಷರ್ ಇತ್ತು. ವಿಪರೀತ ಚಳಿಗೆ ಚರ್ಮ ಹಾಳಾಗಿ ಎಣ್ಣೆ ಸೋರಿ ಆವಿಯಾಯಿತು. ಹಿಂದಿರುಗುವಾಗ ಸುಸ್ತಾಗಿ ಬಂದವರು ಡಬ್ಬಿ ಎತ್ತಿದರೆ ಹಗುರ. ಎಣ್ಣೆ ಕಡಿಮೆ ಎಂದರೆ ನೀರು ಕಡಿಮೆ, ಬಿಸಿ ಊಟ ಕಡಿಮೆ, ಒಣಗದ ಬೂಟು. ಅಮುಂಡ್ಸೆನ್ ತನ್ನ ಡಬ್ಬಿಗಳ ಬಾಯಿಗೆ ಬೆಸುಗೆ ಹಾಕಿಸಿದ್ದ. ಸ್ಕಾಟ್‌ನ ಸಾವಿಗೆ ಕಾರಣ ಒಂದೇ ಅಲ್ಲ, ಹತ್ತಾರು: ಊಟ ಸಾಲದ್ದು, ಬಂಡಿಯನ್ನು ಮೈಬಲದಿಂದಲೇ ಎಳೆದದ್ದು, ಆ ಮಾರ್ಚ್ ತಿಂಗಳ ಕೆಟ್ಟ ಚಳಿ. ಆದರೂ ಕೊನೆಯ ಮೂವರು ಮುಂದಿನ ದಾಸ್ತಾನಿಗೆ ಸುಮಾರು 20 ಕಿಲೋಮೀಟರ್ ಇರುವಾಗ ಟೆಂಟಿನಲ್ಲಿ ಮಲಗಿ ಏಳಲಿಲ್ಲ ಎಂಬುದನ್ನು ಓದುವಾಗ ನನ್ನ ಕಣ್ಣ ಮುಂದೆ ಬರುವುದು ಆ ವಾಷರ್. ನಮ್ಮ ಮೇಷ್ಟ್ರಿಗೆ ಧೈರ್ಯದ ಬಗ್ಗೆ ಹೇಳುವುದು ಬಹಳ ಇತ್ತು. ಡಬ್ಬಿಯ ಮುಚ್ಚಳದ ಬಗ್ಗೆ ನಮ್ಮ ಅಮ್ಮನನ್ನು ಕೇಳಬೇಕಿತ್ತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಎರಡು ಸುತ್ತು ಬಟ್ಟೆ ಬಿಗಿದು ಕಟ್ಟಿಯೂ ರಾತ್ರಿ ಎದ್ದು ಮತ್ತೊಮ್ಮೆ ಮುಟ್ಟಿ ನೋಡುವವಳು ಅವಳು.

ಒಬ್ಬರೇ ಹೋಗುವವರಿಗೆ ಇನ್ನೊಂದು ಕಷ್ಟ. ತಂಡದಲ್ಲಿದ್ದರೆ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿ, ಕೆನ್ನೆಯ ಮೇಲೆ ಬಿಳಿ ಮಚ್ಚೆ ಎದ್ದಿದೆ, ಮುಚ್ಚಿಕೋ ಎನ್ನುತ್ತಾರೆ. ಮರಗಟ್ಟಿದ ಜಾಗ ನೋಯುವುದಿಲ್ಲವಾದ್ದರಿಂದ ತನಗೆ ತಿಳಿಯುವುದಿಲ್ಲ. ರೀನಾ ಕೌಶಲ್ ಧರ್ಮಶಕ್ತು 2009ರ ಡಿಸೆಂಬರ್ 29ರಂದು ಸ್ಕೀ ಮೂಲಕ ದಕ್ಷಿಣ ಧ್ರುವ ತಲುಪಿದ ಮೊದಲ ಭಾರತೀಯ ಮಹಿಳೆಯಾದದ್ದು ಕಾಮನ್‌ವೆಲ್ತ್ ದೇಶಗಳ ಹೆಂಗಸರ ತಂಡದೊಡನೆ. ಒಂಟಿಯಾಗಿ ಹೋದವರಿಗೆ ದಿನಕ್ಕೊಮ್ಮೆ ಉಪಗ್ರಹ ಫೋನಿನಲ್ಲಿ ತಂಗುದಾಣಕ್ಕೆ ಹೇಳುವ ನಾಲ್ಕು ಮಾತೇ ಕನ್ನಡಿ. ಆ ಕರೆ ಬರದಿದ್ದರೆ ಹುಡುಕಲು ಸಿದ್ಧತೆ ಶುರುವಾಗುತ್ತದೆ. ನಾರ್ವೆಯ ಎರ್ಲಿಂಗ್ ಕಾಗ್ಗೆ ಅದೂ ಬೇಡವೆಂದು ರೇಡಿಯೋದ ಬ್ಯಾಟರಿಗಳನ್ನು ಬಿಟ್ಟು 50 ದಿನ ಯಾರೊಡನೆಯೂ ಮಾತಿಲ್ಲದೆ ನಡೆದು 1993ರ ಜನವರಿಯಲ್ಲಿ ಧ್ರುವ ತಲುಪಿದ. ಮೆಚ್ಚಬೇಕೋ ಬೈಯಬೇಕೋ ನನಗಿನ್ನೂ ತೀರ್ಮಾನವಾಗಿಲ್ಲ. ನಾನಂತೂ ಆರು ವಾರವೂ ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ಗುಡ್ಡ ಹತ್ತಿ, ಹಲಸಿನ ಮರದ ಬುಡದಿಂದ ಹೆಂಡತಿಗೆ ಫೋನು ಮಾಡುತ್ತಿದ್ದೆ. ಆಶ್ಲೇಷ ಮಳೆಯಲ್ಲಿ ಎರಡು ದಿನ ಮರ ಬಿದ್ದು ದಾರಿ ಮುಚ್ಚಿ ಹೋಗಲಾಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಪಕ್ಕದ ಊರಿನವರೊಬ್ಬರು ಛತ್ರಿ ಹಿಡಿದು ಅಂಗಳದಲ್ಲಿ ನಿಂತಿದ್ದರು. “ನಿಮ್ಮ ಮನೆಯವರು ಫೋನು ಮಾಡಿದ್ದರು, ನೀವು ಇದ್ದೀರೋ ಇಲ್ಲವೋ ನೋಡಿಕೊಂಡು ಬನ್ನಿ ಎಂದರು” ಎಂದು ಹೇಳಿ, ಕಾಫಿ ಕುಡಿದು ಹೋದರು.

ಧ್ರುವ ಮುಟ್ಟಿದ ದಿನದ ಬರಹಗಳು ನನಗೆ ಈಗ ಅಷ್ಟು ರುಚಿಸುವುದಿಲ್ಲ. ಒಂದು ಕಂಬ, ಬಾವುಟಗಳು, ಹಿಂದೆ ಅಮೆರಿಕದ ಅಮುಂಡ್ಸೆನ್-ಸ್ಕಾಟ್ ನಿಲ್ದಾಣದ ಕಟ್ಟಡ. ಹಿಮದ ಹಾಳೆ ವರ್ಷಕ್ಕೆ ಸುಮಾರು 10 ಮೀಟರ್ ಸರಿಯುವುದರಿಂದ ಪ್ರತಿ ಜನವರಿ 1ರಂದು ಧ್ರುವದ ಗುರುತನ್ನು ಕಿತ್ತು ಸರಿಯಾದ ಜಾಗದಲ್ಲಿ ಮತ್ತೆ ನೆಡುತ್ತಾರೆ. ಫೋಟೋ ತೆಗೆಸಿಕೊಂಡು ಅತ್ತು ನಕ್ಕು ಆದಮೇಲೆ ಅವರು ಏನು ಮಾಡುತ್ತಾರೆ ಎಂದು ನಾನು ಹುಡುಕಿ ಓದುತ್ತೇನೆ. ಟೆಂಟ್ ಹಾಕುತ್ತಾರೆ, ಕಾಲುಚೀಲ ನೇತುಹಾಕುತ್ತಾರೆ.

ಮಘಾ ಮಳೆಯ ಮೂರನೆಯ ದಿನ ಅಮ್ಮನ ಪ್ಲಾಸ್ಟರ್ ಬಿಚ್ಚಿದರು. ಕೈ ಬಿಳಿಚಿ ಸಣ್ಣಗಾಗಿತ್ತು. ದಾರಿಯುದ್ದಕ್ಕೂ ಬಸ್ಸಿನಲ್ಲಿ ಬೆರಳುಗಳನ್ನು ಮಡಿಚಿ ಬಿಡಿಸಿ ನೋಡುತ್ತಿದ್ದಳು. ಈ ಆರು ವಾರದಲ್ಲಿ ಒಂದು ದಿನವೂ ಒಲೆ ಆರಿಲ್ಲ, ಒಂದು ಬಟ್ಟೆಗೂ ಬೂಷ್ಟು ಹಿಡಿದಿಲ್ಲ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅವಳು ಹೇಳಲಿ ಎಂದು ಕಾಯುತ್ತಲೂ ಇದ್ದೆ. ಮನೆಗೆ ಬಂದವಳು ಸೀರೆಯನ್ನೂ ಬದಲಿಸದೆ ಕಾಲು ತೊಳೆಯಲು ಬಚ್ಚಲಿಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಮತ್ತೆ ಜಾರಿದಳೋ ಎಂದು ಗಾಬರಿಯಿಂದ ಓಡಿದೆ. ಒಲೆಯ ಮುಂದೆ ನಿಂತು ನಡುವಿನ ಗಳವನ್ನು ನೋಡುತ್ತಿದ್ದಳು. ಬಲಗೈಯನ್ನು ಮೆಲ್ಲಗೆ ಮೇಲೆತ್ತಿ, ನನ್ನ ಬೂದು ಬಣ್ಣದ ಕಾಲುಚೀಲವನ್ನು ಕೆಳಗೆಳೆದು, ಒಳಗೆ ಎರಡು ಬೆರಳು ಹಾಕಿ ತುದಿಯನ್ನು ಹಿಚುಕಿದಳು.

“ಒದ್ದೆ” ಎಂದಳು. ಒಳಮೈ ಹೊರಗೆ ಮಾಡಿ ಮತ್ತೆ ಗಳಕ್ಕೆ ಹಾಕಿದಳು.